ಜನ್ಮಭೂಮಿಯೂ ಆಶ್ರಯಭೂಮಿಯೂ

ಹುಟ್ಟಿದ ನಾಡು ತನ್ನ ಮಗನ ಪ್ರತಿಭೆಗೆ ಎಡೆಗೊಡದಿದ್ದಾಗ ಅವನು ಪರನಾಡನ್ನು ಆಶ್ರಯಿಸಿ, ಅದರ ಪರವಾಗಿ ಆಡಿ ಕೀರ್ತಿಶಾಲಿಯಾದರೆ ಅದನ್ನು ಸ್ವದೇಶದ್ರೋಹವೆನ್ನಬಹುದೆ? ಕ್ರಿಕೆಟ್ ಆಟಗಾರ ಬೇಸಿಲ್ ಡಿ’ಒಲಿವೇರಾ ಅವರ ಜೀವನವು ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನೀಯುತ್ತದೆ.

1931ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಜನಿಸಿದ ಅವರನ್ನು ಅಲ್ಲಿಯ ವರ್ಣಭೇದ ಶಾಸನವು ಮಿಶ್ರವರ್ಣೀಯರ ಪಂಕ್ತಿಯಲ್ಲಿ ಕುಳ್ಳಿರಿಸಿತು. ಬಿಳಿಯರಿಗೆ ಹಸಿರು ಹುಲ್ಲಿನ ಮೈದಾನಗಳು. ಇವರ ಪಾಲಿಗೆ ಕಲ್ಲುಮಣ್ಣಿನ ಬಯಲು, ಅದರ ಮೇಲೆ ಹಾಸಿದ ಚಾಪೆ. ಬಿಳಿಯರಲ್ಲದವರ ತಂಡಕ್ಕೆ ನಾಯಕರಾದರೂ ರಾಷ್ಟ್ರತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ. ಕಡೆಗೆ ಇಂಗ್ಲೆಂಡಿನ ಪ್ರಸಿದ್ಧ ಕ್ರೀಡಾಲೇಖಕರಾದ ಜಾನ್ ಆರ್ಲಟ್ ಅವರಿಗೆ ಪತ್ರ ಬರೆದು, ಅವರ ನೆರವಿನಿಂದ 1960ರಲ್ಲಿ ಮಿಡ್ಲ್‌ಟನ್ ಊರಿನ ಕ್ಲಬ್ಬನ್ನು ಸೇರಿದರು. 1964ರಲ್ಲಿ ವೂಸ್ಟರ್‌ಷೈರ್ ತಂಡ. 1966ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಪರವಾಗಿ ಪ್ರಥಮ ಟೆಸ್ಟ್. ಇತರರು ನಿವೃತ್ತಿಯನ್ನು ಯೋಚಿಸುವ ವಯಸ್ಸಿನಲ್ಲಿ ಆರಂಭಿಸಿದ ಅವರು 44 ಟೆಸ್ಟುಗಳಲ್ಲಿ 2484 ರನ್ನುಗಳನ್ನೂ 5 ಶತಕಗಳನ್ನೂ 47 ವಿಕೆಟ್ಟುಗಳನ್ನೂ ಗಳಿಸಿದರೆಂಬುದು ಸಾಮಾನ್ಯ ಸಾಧನೆಯಲ್ಲ.

ಆದರೆ ಆಶ್ರಯಭೂಮಿಯ ಸತ್ತ್ವಪರೀಕ್ಷೆ ನಡೆದುದು 1968ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಅವರು ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ 158 ರನ್ನು ಹೊಡೆದರು. ಆದಾಗ್ಯೂ ಕೆಲವೇ ದಿನಗಳಲ್ಲಿ ದಕ್ಷಿಣ ಆಫ್ರಿಕದ ಪ್ರವಾಸಕ್ಕೆ ಆರಿಸಿದ ತಂಡದಲ್ಲಿ ಅವರ ಹೆಸರಿರಲಿಲ್ಲ! ನಾಡಿನಲ್ಲಿ ಕೋಲಾಹಲವೆದ್ದಿತು. ಗಾಯಗೊಂಡ ಟಾಮ್ ಕಾರ್ಟ್‌ರೈಟ್ ಹಿಂದೆ ಸರಿದ ಮೇಲೆ ಡಿ’ಒಲಿವೇರಾ ಅವರನ್ನು ಸೇರಿಸಲಾಯಿತು. ಕೂಡಲೆ ದಕ್ಷಿಣ ಆಫ್ರಿಕದ ಪ್ರಧಾನಿ ವೋರ್ಸ್ಟರ್, ಅಂತಹ ತಂಡವನ್ನು ತಮ್ಮ ದೇಶವು ಬರಮಾಡಿಕೊಳ್ಳದೆಂದು ಸಾರಿದರು. ಪ್ರವಾಸವೇ ರದ್ದಾಯಿತು. 1970ರಿಂದ 1991ರವರೆಗೆ ದಕ್ಷಿಣ ಆಫ್ರಿಕ ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ಹೊರಗುಳಿಯಬೇಕಾಯಿತು.

ಕ್ರೀಡೆಯಲ್ಲಿ ರಾಜಕೀಯವನ್ನು ಬೆರೆಸಬಾರದೆಂದು ಆಗ ಹಲವರು ವಾದಿಸಿದರು. ಮೇಲುನೋಟಕ್ಕೆ ಇದು ಯುಕ್ತವೆನಿಸೀತು. ಆದರೆ ಚರ್ಮದ ಬಣ್ಣವನ್ನು ನೋಡಿ ಬಾಲಕನೊಬ್ಬನನ್ನು ಮೈದಾನದಿಂದ ಹೊರಗಿಟ್ಟ ದಿನವೇ ಆಟದೊಳಕ್ಕೆ ರಾಜಕೀಯ ಹೊಕ್ಕಿತ್ತಲ್ಲವೆ? ಭಾರತದ ಅಸ್ತ್ರವಿದ್ಯಾ ಪ್ರದರ್ಶನದ ರಂಗದಲ್ಲಿ ಕರ್ಣನ ಬಿಲ್ಲುಗಾರಿಕೆಯನ್ನು ನೋಡುವ ಬದಲು ಅವನ ಕುಲವನ್ನು ಕೇಳಲಾಯಿತು. ಕೇಳಿದವರು ಕೃಪಾಚಾರ್ಯರು, ವಿದ್ಯೆಯನ್ನು ಕಲಿಸುವ ಗುರುಗಳು, ಎಂಬುದು ಶಿಕ್ಷಕಸಮುದಾಯ ಸದಾ ನೆನಪಿನಲ್ಲಿಡಬೇಕಾದ ಸಂಗತಿ.

ಆಶ್ರಯವಿತ್ತ ಇಂಗ್ಲೆಂಡ್ ಸ್ತುತ್ಯವೇ. ಆದರೆ ನಿರ್ಣಾಯಕ ಗಳಿಗೆಯಲ್ಲಿ ಅದೂ ಒಮ್ಮೆ ತಡವರಿಸಿತು. ಅನುಕೂಲಕಾಲದಲ್ಲಿ ಯೋಗ್ಯತೆಯನ್ನು ಮೆಚ್ಚುವುದು ಸುಲಭ. ಅದರಿಂದ ತನಗೆ ತೊಡಕೊದಗುವಾಗಲೂ ಅದರ ಪಕ್ಕದಲ್ಲಿ ನಿಲ್ಲುವುದೇ ಸಂಸ್ಥೆಗಳ ಹಿರಿಮೆ. ಡಿ’ಒಲಿವೇರಾ ಅವರು ಜನ್ಮಭೂಮಿಗೆ ದ್ರೋಹವೆಸಗಲಿಲ್ಲ. ಅದು ತನ್ನ ಮುಖವನ್ನು ತಾನೇ ಕಾಣುವಂತೆ ಮಾಡಿದರು. 2004ರಿಂದ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕಗಳ ಟೆಸ್ಟ್ ಸರಣಿಯ ಪಾರಿತೋಷಕಕ್ಕೆ ಅವರ ಹೆಸರಿದೆ. 2011ರಲ್ಲಿ ತೀರಿಕೊಂಡ ಆ ಆಟಗಾರರ ಹೆಸರಿನ ಮುಂದೆ ಇಂದು ಎರಡು ದೇಶಗಳೂ ಸ್ಪರ್ಧಿಸುತ್ತವೆ. ಬಾಗಿಲು ಮುಚ್ಚಿದ ಮನೆಯೂ ಬಾಗಿಲು ತೆರೆದ ಮನೆಯೂ ಒಬ್ಬನನ್ನೇ ತನ್ನವನೆಂದು ಹೇಳಿಕೊಳ್ಳುವುದಕ್ಕಿಂತ ಮಿಗಿಲಾದ ಗೆಲವು ಇನ್ನಾವುದು?