ಮಾತ್ರೆ ಕೊಟ್ಟ ಕೈ, ಸಹಿ ಹಾಕಿದ ಕೈ

ಕಾಂದಿವಲಿಯ ಹೋಟೆಲೊಂದರ ಗಲ್ಲಾದಲ್ಲಿ ಕುಳಿತುಕೊಳ್ಳುವ ನಮ್ಮ ಓದುಗರೊಬ್ಬರು ಕಳೆದ ತಿಂಗಳು ಕಾರ್ಯಾಲಯಕ್ಕೆ ಬಂದು ತಮ್ಮ ಮಾತೃಶ್ರೀಯವರಿಗೊದಗಿದ ವಿಪತ್ತನ್ನು ತಿಳಿಸಿದರು. ತೊಡೆಯೆಲುಬು ಮುರಿದು ಶಸ್ತ್ರಚಿಕಿತ್ಸೆಯಾದ ಆ ವೃದ್ಧೆಯನ್ನು ಒಂದೇ ಕೋಣೆಯ ಬಿಡಾರದಲ್ಲಿ ನೋಡಿಕೊಳ್ಳಲಾಗದೆ ಉಪನಗರದ ಶುಶ್ರೂಷಾಗೃಹವೊಂದರಲ್ಲಿ ಇರಿಸಿದ್ದರು. ಒಂದು ಮುಂಜಾನೆ ಆಕೆ ಮೈಯೆಲ್ಲ ಬೆವೆತು, ಕರೆದರೆ ಓಗೊಡದೆ ಬಿದ್ದಿದ್ದರು. ಮಧುಮೇಹವೇ ಇಲ್ಲದ ಆಕೆಗೆ ಪಕ್ಕದ ಮಂಚದವರ ಮಧುಮೇಹದ ಮಾತ್ರೆಯನ್ನು ರಾತ್ರಿ ಕೊಡಲಾಗಿತ್ತು. ಗ್ಲೂಕೋಸು ಏರಿಸಿದ ಮೇಲೆ ಜೀವ ಉಳಿಯಿತು. ಮಾತ್ರೆ ಕೊಟ್ಟವಳು ನೆಲ ಒರೆಸಿ, ಬಟ್ಟೆ ಬದಲಿಸಿ, ಊಟ ಮಾಡಿಸುವ ಮಾವಶಿ. ಔಷಧದ ಪುಸ್ತಕದಲ್ಲಿ ಆ ರಾತ್ರಿಯ ಒಂಬತ್ತು ಗಂಟೆಯ ಎದುರಿಗೆ ಇದ್ದುದು ನರ್ಸಿನ ಸಹಿ. ನರ್ಸು ಎಂಟು ಗಂಟೆಗೇ ಮನೆಗೆ ಹೊರಟಿದ್ದರು. ಹೊರಡುವ ಮುಂಚೆ ರಾತ್ರಿಯ ಸಹಿಗಳನ್ನೆಲ್ಲ ಹಾಕಿ ಮುಗಿಸಿದ್ದರು.

"ಯಾರನ್ನು ದೂರಲಿ?" ಎಂದು ಆ ಸಜ್ಜನರು ನಮ್ಮನ್ನು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವುದು ಅವರೊಬ್ಬರ ಕೆಲಸವಲ್ಲವೆಂದು ನಮಗೆ ತೋರುತ್ತದೆ.

ಇಂತಹ ಪ್ರಮಾದವು ಯಾವಾಗಲೂ ಗ್ಲೂಕೋಸಿನಿಂದ ಸರಿಹೋಗುವುದಿಲ್ಲ. 2022ರ ಜನವರಿಯಲ್ಲಿ ಇದೇ ಮುಂಬಯಿಯ ಗೋವಂಡಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದ ಮಗುವೊಂದು, ಬೇರೊಬ್ಬ ರೋಗಿಗೆಂದು ಇಟ್ಟಿದ್ದ ಚುಚ್ಚುಮದ್ದಿನಿಂದ ಮೃತಪಟ್ಟಿತು. ಅದನ್ನು ಚುಚ್ಚಿದವಳು ಆಸ್ಪತ್ರೆಯ ಕಸ ಗುಡಿಸುವ, 17 ವರ್ಷದ ಹುಡುಗಿ ಎಂದು ವರದಿಯಾಯಿತು. ಪೊಲೀಸರು ಆಕೆಯ ಮೇಲೆ ಮಾತ್ರವಲ್ಲದೆ ನರ್ಸು, ವೈದ್ಯ ಹಾಗೂ ಮಾಲೀಕರ ಮೇಲೂ ಮೊಕದ್ದಮೆ ಹೂಡಿದರು. ಹುಡುಗಿಯ ಕೈಗೆ ಸೂಜಿ ತಾನಾಗಿ ಹಾರಿ ಬರಲಿಲ್ಲವಷ್ಟೆ.

ಇದಕ್ಕಿಂತ ಮೊದಲೇ, 1998ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣದಲ್ಲಿ ಈ ವಿಷಯವನ್ನು ವಿಚಾರಿಸಿತ್ತು. ದಿಲ್ಲಿಯ ಆ ಆಸ್ಪತ್ರೆಯಲ್ಲಿ 1993ರ ಡಿಸೆಂಬರದಲ್ಲಿ ಟೈಫಾಯ್ಡಿನ ಚಿಕಿತ್ಸೆಯಲ್ಲಿದ್ದ ಬಾಲಕನಿಗೆ, ಯಾವ ನರ್ಸಿಂಗ್ ಕೌನ್ಸಿಲಿನಲ್ಲೂ ಹೆಸರು ನೋಂದಾಯಿಸದ 'ನರ್ಸ'ಳೊಬ್ಬಳು ತಪ್ಪು ಚುಚ್ಚುಮದ್ದನ್ನು ರಕ್ತನಾಳಕ್ಕೆ ಕೊಟ್ಟಳು. ಬಾಲಕನ ಮೆದುಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ತಾನು ಮಾಡಬೇಕಾದುದನ್ನು ಆಕೆಗೆ ಬಿಟ್ಟುಕೊಟ್ಟ ವೈದ್ಯನದೂ, ಅಂಥವಳನ್ನು ನೇಮಿಸಿದ ಆಸ್ಪತ್ರೆಯದೂ ತಪ್ಪೆಂದು ನ್ಯಾಯಾಲಯ ಹೇಳಿತು. ಮಗುವಿಗೆ ಹನ್ನೆರಡೂವರೆ ಲಕ್ಷ, ತಂದೆತಾಯಿಗಳಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

ಮಾತ್ರೆ ಕೊಡುವುದೆಂದರೆ ಬಾಯಿಗೆ ಹಾಕಿ ನೀರು ಕುಡಿಸುವುದಷ್ಟೇ ಎಂದು ಅನೇಕರು ಭಾವಿಸಿದ್ದಾರೆ. ಮೂರು ವರ್ಷ ಓದಿ ನೋಂದಣಿ ಪಡೆದ ನರ್ಸಿಗೆ ಮೊದಲು ಕಲಿಸುವುದೇ ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದನ್ನು. ಮಾವಶಿಯು ಮಾತ್ರೆಯನ್ನು ಗುರುತಿಸುವುದು ಬಣ್ಣದಿಂದ. ಔಷಧದಂಗಡಿಯವನು ಬೇರೆ ಕಂಪನಿಯದನ್ನು ಕೊಟ್ಟ ದಿನ ಬಣ್ಣ ಬದಲಾಗುತ್ತದೆ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೊಮ್ಮೆ ನುಂಗಬೇಕು. ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ಇನ್ಸುಲಿನ್ನಿನ ಸಂಗತಿ ಇನ್ನೂ ಸೂಕ್ಷ್ಮವಾದುದು. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯುನಿಟ್ಟಿನ ಸೀಸೆಯೂ ಉಂಟು, 100 ಯುನಿಟ್ಟಿನದೂ ಉಂಟು. ಎರಡಕ್ಕೂ ಸಿರಿಂಜು ಬೇರೆ ಬೇರೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ಒಳಹೋಗುವುದು ಹತ್ತಲ್ಲ, ಇಪ್ಪತ್ತೈದು ಯುನಿಟ್. ಇದನ್ನು ಯಾರೂ ಹೇಳಿಕೊಡದ ಹೆಣ್ಣುಮಗಳೊಬ್ಬಳು ರಾತ್ರಿ ಹತ್ತು ಮಂಚಗಳ ನಡುವೆ ನಿಂತು ತಾನಾಗಿ ತಿಳಿದುಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವೆ?

ಹಾಗಾದರೆ ಹೊಣೆ ಯಾರದು? ನರ್ಸಿನದು ಇದ್ದೇ ಇದೆ. ತಾನು ಕಾಣದ ಔಷಧಕ್ಕೆ ಮುಂಗಡವಾಗಿ ಸಹಿ ಹಾಕುವುದು ಸುಳ್ಳು ಲೆಕ್ಕ ಬರೆದಂತೆಯೇ ಸರಿ. ಗುಮಾಸ್ತರಾದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸವನ್ನು ಇನ್ನೊಬ್ಬರಿಗೆ ವಹಿಸಬಹುದು. ವಹಿಸಿದ ಮಾತ್ರಕ್ಕೆ ಹೊಣೆ ಕೈಬಿಡುವುದಿಲ್ಲ. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಔಷಧ ಕೊಡುವುದಕ್ಕೆಂದೇ ತರಬೇತಿ ಪಡೆದ ಸಹಾಯಕರಿದ್ದಾರೆ. ಅಲ್ಲಿಯೂ ನರ್ಸಿನ ಮೇಲ್ವಿಚಾರಣೆ ತಪ್ಪಿಲ್ಲ.

ಆದರೆ ಹೋಟೆಲಿನ ಅಡಿಗೆಮನೆಯಲ್ಲಿ ಬಹಳ ವರ್ಷ ಕಳೆದ ನಮಗೆ ಇನ್ನೊಂದು ಮಾತೂ ಗೊತ್ತಿದೆ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಗಿರಾಕಿಯು ಉಪ್ಪು ಹಾಕಿದ ಹುಡುಗನನ್ನು ಕರೆಯುವುದಿಲ್ಲ, ಭಟ್ಟರನ್ನೂ ಕರೆಯುವುದಿಲ್ಲ. ನೇರವಾಗಿ ಗಲ್ಲಾಕ್ಕೆ ಬರುತ್ತಾನೆ. ಮೂರು ಒಲೆಗೆ ಒಬ್ಬರೇ ಭಟ್ಟರನ್ನಿಟ್ಟು, ಉಳಿದುದನ್ನು ನಿನ್ನೆ ಊರಿಂದ ಬಂದ ಹುಡುಗನಿಗೆ ಒಪ್ಪಿಸಿದ ಮಾಲೀಕನು ಭಟ್ಟರ ಕಡೆ ಬೆರಳು ತೋರಿಸಿದರೆ ಕೇಳಿದವರು ನಗುತ್ತಾರೆ. ಶುಶ್ರೂಷಾಗೃಹದ ಮಾಲೀಕನು ಅದನ್ನೇ ಮಾಡಿದಾಗ ನಾವು ನಗುವುದಿಲ್ಲ, ನಂಬುತ್ತೇವೆ. ರಾತ್ರಿಪಾಳಿಗೆ ನರ್ಸನ್ನು ನೇಮಿಸದಿದ್ದವನು ಅವನು. ಮುಂಗಡ ಸಹಿ ಹಾಕಿಸಿಕೊಂಡವನೂ ಅವನೇ. ಒಲ್ಲೆನೆಂದರೆ ನಾಳೆ ಬರಬೇಡಿರೆನ್ನುವವನೂ ಅವನೇ.

ಈ ಸಂದರ್ಭದಲ್ಲಿ ಅರುಣಾ ಶಾನಭಾಗರನ್ನು ನೆನೆಯದಿರುವುದು ಹೇಗೆ? ನಮ್ಮ ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಆಕೆಯ ಮೇಲೆ 1973ರ ನವೆಂಬರ 27ರಂದು ಅಲ್ಲಿನ ಜಾಡಮಾಲಿಯೊಬ್ಬನು ಪಾಶವೀ ಹಲ್ಲೆ ನಡೆಸಿದನು. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಆಕೆ ಹಾಸಿಗೆಯಿಂದ ಏಳಲಿಲ್ಲ. ಆತನ ಅಕ್ರಮವನ್ನು ಗದರಿಸಿದುದೇ ಹಗೆಗೆ ಕಾರಣವೆಂದು ಆಕೆಯ ಬದುಕನ್ನು ಕುರಿತು ಬರೆದವರು ತಿಳಿಸಿದ್ದಾರೆ. ಕೈಕೆಳಗಿನವರನ್ನು ತಿದ್ದುವ ಹೊಣೆಯನ್ನು ನರ್ಸಿಗೆ ಹೊರಿಸುವವರು ಆಕೆಯ ಬೆನ್ನಿಗೆ ನಿಲ್ಲಲೂ ಬೇಕಲ್ಲವೆ?

ಕಾನೂನು ಇಲ್ಲವೆಂದಲ್ಲ. ಮುಂಬಯಿಯ ನರ್ಸಿಂಗ್ ಹೋಮುಗಳ ನೋಂದಣಿಯ ಕಾನೂನು 1949ರಷ್ಟು ಹಳೆಯದು. ರೋಗಿಗಳ ಆರೈಕೆಯಲ್ಲಿ ಅರ್ಹ ನರ್ಸುಗಳು ತಕ್ಕ ಪ್ರಮಾಣದಲ್ಲಿ ಇಲ್ಲದಿದ್ದರೆ ನೋಂದಣಿ ನಿರಾಕರಿಸಬಹುದೆಂದು ಅದರಲ್ಲೇ ಬರೆದಿದೆ. ವೃದ್ಧಾಶ್ರಮ, ಆರೈಕೆ ಕೇಂದ್ರ ಎಂಬ ಫಲಕ ತೂಗುಹಾಕಿ ಈ ಕಾನೂನಿನಿಂದ ನುಣುಚಿಕೊಳ್ಳುವವರನ್ನು ಮಹಾನಗರಪಾಲಿಕೆಯು ವಿಚಾರಿಸಬೇಕು. ಹೊರಗೆ ಏನೇ ಬರೆದಿರಲಿ, ಒಳಗೆ ಇನ್ಸುಲಿನ್ ಚುಚ್ಚುತ್ತಿದ್ದರೆ ರಾತ್ರಿಯೂ ಅಲ್ಲಿ ಒಬ್ಬ ನೋಂದಾಯಿತ ನರ್ಸು ಇರಲೇಬೇಕು. ಔಷಧದ ಪುಸ್ತಕದಲ್ಲಿ ಕೊಟ್ಟವರ ಹೆಸರಿಗೊಂದು, ನಿಂತು ನೋಡಿದವರ ಹೆಸರಿಗೊಂದು ಅಂಕಣವಿರಬೇಕು. ಮಾವಶಿಯ ಹೆಸರು ಅಲ್ಲಿ ಬಂದರೆ ಆಕೆಗೆ ಅಪಮಾನವಲ್ಲ, ರಕ್ಷಣೆ.

ಓದುಗರಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಹಿರಿಯರನ್ನು ಇಂತಹಲ್ಲಿ ಸೇರಿಸುವಾಗ ತಿಂಗಳ ಬಾಡಿಗೆ ಎಷ್ಟು, ಊಟದಲ್ಲಿ ಅನ್ನವೋ ಚಪಾತಿಯೋ ಎಂದು ಕೇಳುತ್ತೇವೆ. ರಾತ್ರಿ ಮಾತ್ರೆ ಕೊಡುವವರು ಯಾರು, ಅವರ ನೋಂದಣಿ ಎಲ್ಲಿ ಎಂಬುದನ್ನೂ ಕೇಳಿರಿ. ಔಷಧದ ಪುಸ್ತಕವನ್ನು ತೆರೆಸಿ ನೋಡಿರಿ. ನಾಳೆಯ ಸಹಿ ಇಂದೇ ಬಿದ್ದಿದ್ದರೆ ಬೇರೆ ಸ್ಥಳವನ್ನು ಹುಡುಕುವುದೇ ಲೇಸು.

ಬೇರೆ ಸ್ಥಳ ಎಲ್ಲರಿಗೂ ಸಿಗುವುದಿಲ್ಲವೆಂಬುದು ನಮಗೆ ತಿಳಿಯದ ವಿಷಯವಲ್ಲ. ಗಲ್ಲಾದ ಆ ಮಹನೀಯರ ತಾಯಿ ಇನ್ನೂ ಅಲ್ಲಿಯೇ ಇದ್ದಾರೆ. ರಾತ್ರಿ ಎಂಟೂವರೆಗೆ, ಗಿರಾಕಿಗಳ ಸಂದಣಿಯ ಹೊತ್ತಿನಲ್ಲಿಯೇ, ಅವರು ಒಂದು ಗಂಟೆಯ ಬಿಡುವು ಪಡೆದು ಹೋಗಿ ಮಾತ್ರೆಯನ್ನು ಸ್ವತಃ ಕೊಟ್ಟು ಬರುತ್ತಾರೆ. ಅವರ ಮಾಲೀಕರು ಸಂಬಳ ಕಡಿಯದೆ ಆ ಬಿಡುವನ್ನು ಕೊಡುತ್ತಿದ್ದಾರೆ. ಉಳಿದ ಹೋಟೆಲು ಮಾಲೀಕರೂ ಅಂತಹ ಬಿಡುವನ್ನು ಕೊಡಬೇಕೆಂದು ಕೇಳಿಕೊಳ್ಳುತ್ತೇವೆ.