ಟರ್ಬೊ ಕಾರಿಗೆ ಉಸಿರು ಬಿಡೋಕೆ ದಾರಿ ಇದೆಯಾ?

ಟರ್ಬೊ ಕಾರು ತಗೊಂಡವರ ಮಾತು ಕೇಳಿ. ಪವರ್ ಎಷ್ಟು, ಟಾರ್ಕ್ ಎಷ್ಟು, ರೀಮ್ಯಾಪ್ ಮಾಡಿಸಿದ್ರೆ ಇನ್ನೆಷ್ಟು ಸಿಗುತ್ತೆ, ಬರೀ ಇದೇ. ಇಂಜಿನ್ನಿನೊಳಗೆ ಗಾಳಿ ತುಂಬುವುದರ ಬಗ್ಗೆ ಎಲ್ಲರಿಗೂ ಆಸಕ್ತಿ. ತುಂಬಿದ್ದು ತಪ್ಪು ದಾರಿಯಲ್ಲಿ ನುಗ್ಗಿದರೆ ಹೊರಗೆ ಹೋಗೋದು ಹೇಗೆ ಅಂತ ಕೇಳುವವರು ಕಡಿಮೆ.

ಸೈಲೆನ್ಸರ್ ಇದೆಯಲ್ಲ ಅಂತೀರಾ? ಅದು ಬೇರೆ ದಾರಿ. ಪೆಟ್ರೋಲು ಉರಿದಾಗ ಪಿಸ್ಟನ್ ಮೇಲೆ ಬೀಳುವ ಒತ್ತಡದಲ್ಲಿ ಸ್ವಲ್ಪ ಗ್ಯಾಸ್ ರಿಂಗುಗಳ ಸಂದಿಯಿಂದ ಕೆಳಕ್ಕೆ, ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇದಕ್ಕೆ ಬ್ಲೋ-ಬೈ ಅನ್ನುತ್ತಾರೆ. ಹೊಚ್ಚ ಹೊಸ ಇಂಜಿನ್ನಿನಲ್ಲೂ ಇದು ಇದ್ದದ್ದೇ. ಸುಟ್ಟ ಹೊಗೆ, ಉರಿಯದ ಪೆಟ್ರೋಲ್ ಆವಿ, ನೀರಿನ ಆವಿ, ಆಯಿಲ್ ತುಂತುರು ಎಲ್ಲ ಅದರಲ್ಲಿರುತ್ತೆ. ಹೊರಗೆ ಬಿಡದಿದ್ದರೆ? ಕುಕ್ಕರ್‌ನ ವೆಯ್ಟ್ ಕೂರುವ ನಳಿಕೆಯಲ್ಲಿ ಬೇಳೆ ಸಿಕ್ಕಿಕೊಂಡರೆ ಏನಾಗುತ್ತೋ ಅದೇ. ಎಲ್ಲಿ ಸೀಲ್ ಸಡಿಲವೋ ಅಲ್ಲಿಂದ ಹೊರಬರುತ್ತೆ.

ಬಹಳ ಹಿಂದಿನ ಕಾರುಗಳಲ್ಲಿ ಇದಕ್ಕೊಂದು ಪೈಪು ರಸ್ತೆ ಕಡೆಗೆ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಲಾಸ್ ಏಂಜಲೀಸ್ ಹೊಗೆಯಿಂದ ಉಸಿರುಗಟ್ಟಿದ ಮೇಲೆ, 1961ರಲ್ಲಿ ಕ್ಯಾಲಿಫೋರ್ನಿಯಾ ಈ ಹೊಗೆಯನ್ನು ಇಂಜಿನ್ನಿಗೇ ವಾಪಸ್ ಕಳಿಸಿ ಸುಡಬೇಕು ಅಂತ ಆದೇಶ ಮಾಡಿತು. 1963ರಿಂದ ಅದು ಅಲ್ಲಿ ಜಾರಿಗೆ ಬಂತು. ಆ ಕೆಲಸಕ್ಕೆ ಹಾಕಿದ ಚಿಕ್ಕ ಸಾಧನವೇ ಪಿಸಿವಿ ವಾಲ್ವ್. ಅಮೆರಿಕದಲ್ಲಿ ಕಾರಿನ ಮಾಲಿನ್ಯ ತಡೆಯಲು ಕಡ್ಡಾಯ ಮಾಡಿದ ಮೊದಲ ಸಾಧನ ಇದು.

ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ವ್ಯವಸ್ಥೆ ಸುಲಭ. ಇನ್‌ಟೇಕ್ ಮ್ಯಾನಿಫೋಲ್ಡ್ ಸಾಮಾನ್ಯವಾಗಿ ಗಾಳಿಯನ್ನು ಹೀರುತ್ತಲೇ ಇರುತ್ತೆ. ಅದಕ್ಕೊಂದು ಪೈಪ್ ಕೊಟ್ಟರೆ ಕ್ರ್ಯಾಂಕ್‌ಕೇಸಿನ ಹೊಗೆಯನ್ನೂ ಹೀರಿಕೊಳ್ಳುತ್ತೆ. ಟರ್ಬೊದಲ್ಲಿ ಹಾಗಲ್ಲ. ನೀವು ಆಕ್ಸಿಲರೇಟರ್ ಒತ್ತಿ ಬೂಸ್ಟ್ ಬಂದ ಕ್ಷಣ ಅದೇ ಮ್ಯಾನಿಫೋಲ್ಡ್ ಹೀರೋದು ಬಿಟ್ಟು ಊದೋಕೆ ಶುರು ಮಾಡುತ್ತೆ. ಬ್ಲೋ-ಬೈ ಅತಿ ಹೆಚ್ಚಾಗುವುದೂ ಆಗಲೇ. ಹೊಗೆ ಹೆಚ್ಚಿದ ಹೊತ್ತಿಗೇ ಬಾಗಿಲು ಮುಚ್ಚಿತು ಅನ್ನಿ.

ಅದಕ್ಕೇ ಟರ್ಬೊ ಇಂಜಿನ್ನಿಗೆ ಎರಡು ದಾರಿ ಬೇಕು. ನಿಧಾನ ಓಟದಲ್ಲಿ ಮ್ಯಾನಿಫೋಲ್ಡ್ ಕಡೆಗೆ ಒಂದು. ಬೂಸ್ಟ್‌ನಲ್ಲಿ ಏರ್ ಫಿಲ್ಟರ್‌ಗೂ ಟರ್ಬೊಗೂ ನಡುವಿನ ಪೈಪಿಗೆ ಇನ್ನೊಂದು. ಟರ್ಬೊ ಗಾಳಿ ಎಳೆಯುವ ಜಾಗ ಅದು. ಬೂಸ್ಟ್ ಗಾಳಿ ವಾಪಸ್ ಕ್ರ್ಯಾಂಕ್‌ಕೇಸಿಗೆ ನುಗ್ಗದಂತೆ ಮ್ಯಾನಿಫೋಲ್ಡ್ ದಾರಿಯಲ್ಲಿ ಒನ್-ವೇ ವಾಲ್ವ್. ಆ ಪುಟ್ಟ ವಾಲ್ವ್ ಕೈಕೊಟ್ಟರೆ ಕಥೆ ಶುರು.

ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು ಇದೇ. ಏಳು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್, ಮೇಲೆ ರೀಮ್ಯಾಪ್. ಜೋರಾಗಿ ಓಡಿಸಿದರೆ ಹಿಂದೆ ನೀಲಿ ಹೊಗೆ. ಒಂದು ಗ್ಯಾರೇಜಿನವರು ನೋಡಿ, 'ಟರ್ಬೊ ಹೋಗಿದೆ, ಹೊಸದು ಹಾಕ್ಬೇಕು' ಅಂದುಬಿಟ್ಟರು. ಅವನು ಎಫ್‌ಡಿ ಮುರಿಸೋಕೆ ಹೊರಟಿದ್ದ. 'ತಡಿಯೋ, ಮೊದಲು ಬ್ರೀದರ್ ನೋಡಿಸು' ಅಂದೆ. ಇನ್ನೊಬ್ಬ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಟರ್ಬೊ ಶಾಫ್ಟ್‌ನಲ್ಲಿ ಅತಿಯಾದ ಆಟ ಇರಲಿಲ್ಲ. ಒನ್-ವೇ ವಾಲ್ವ್ ಎರಡೂ ಕಡೆ ಗಾಳಿ ಬಿಡುತ್ತಿತ್ತು.

ಟರ್ಬೊಗೆ ಹೋದ ಆಯಿಲ್ ತನ್ನ ಭಾರಕ್ಕೆ ತಾನೇ ಇಳಿದು ಸಂಪಿಗೆ ವಾಪಸ್ ಬರಬೇಕು. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇದ್ದರೆ ಇಳಿಯೋದಿಲ್ಲ; ಟರ್ಬೊದಲ್ಲೇ ನಿಂತು, ಸೀಲ್ ದಾಟಿ ಸೈಲೆನ್ಸರ್ ಕಡೆ ಹೋಗಿ ಸುಡುತ್ತೆ. ನೋಡುವವರಿಗೆ ಟರ್ಬೊ ಹೋದ ಹಾಗೇ ಕಾಣುತ್ತೆ. ವಾಲ್ವ್, ಪೈಪು ಬದಲಿಸಿದ ಮೇಲೆ ಒಳಗೆ ಉಳಿದಿದ್ದ ಆಯಿಲ್ ಸುಟ್ಟು ಹೋಗುವವರೆಗೆ ಒಂದೆರಡು ದಿನ ಹೊಗೆ ಬಂತು. ಆಮೇಲೆ ನಿಂತಿತು. ಎಫ್‌ಡಿ ಉಳಿಯಿತು.

ರೀಮ್ಯಾಪ್ ಮಾಡಿಸೋರು, ಕ್ಯಾಚ್ ಕ್ಯಾನ್ ಹಾಕಿಸೋರು ಇದನ್ನೆಲ್ಲ ಗಮನಿಸಿ. ಕ್ಯಾಚ್ ಕ್ಯಾನ್ ಅಂದರೆ ಹೊಗೆಯಲ್ಲಿನ ಆಯಿಲ್ ಹಿಡಿದಿಡುವ ಡಬ್ಬಿ. ಪೆಟ್ರೋಲನ್ನು ನೇರ ಸಿಲಿಂಡರಿಗೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯಲು ಪೆಟ್ರೋಲ್ ಬರುವುದಿಲ್ಲ. ಆಯಿಲ್ ಆವಿ ಅಲ್ಲೇ ಕೂತು ಕಾರ್ಬನ್ ಆಗುತ್ತೆ. ಅಂಥವಕ್ಕೆ ಒಳ್ಳೆ ಡಬ್ಬಿ ಉಪಯೋಗವೇ.

• ಒಳಗೆ ಜಾಲರಿ ಅಥವಾ ತಡೆಗಳಿರುವ ಡಬ್ಬಿ ಬೇಕು. ಖಾಲಿ ಡಬ್ಬಿಯಲ್ಲಿ ಹೊಗೆ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತೆ, ಅಷ್ಟೇ.

• ಪೈಪು ಕಂಪನಿಯದ್ದಕ್ಕಿಂತ ಸಣ್ಣದಾಗಬಾರದು. ಆಯಿಲ್ ತಾಳುವ, ಹೀರಿದರೆ ಚಪ್ಪಟೆಯಾಗದ ಪೈಪೇ ಬೇಕು. ರೇಡಿಯೇಟರ್ ಪೈಪು ಆಯಿಲ್‌ಗೆ ಉಬ್ಬಿ ಮೆತ್ತಗಾಗುತ್ತೆ.

• ಪೈಪು ಎಲ್ಲೂ ಜೋತುಬೀಳಬಾರದು. ಆ ತಗ್ಗಿನಲ್ಲಿ ನೀರು, ಆಯಿಲ್ ನಿಂತು ದಾರಿ ಕಟ್ಟುತ್ತೆ.

• ಡಬ್ಬಿ ಟರ್ಬೊ ಬಿಸಿಯಿಂದ ದೂರ ಇರಲಿ. ತಣ್ಣಗಿದ್ದರೇ ಆವಿ ಹನಿಯಾಗೋದು.

• ಮೊದಲ ಸಲ 500 ಕಿಲೋಮೀಟರಿಗೇ ತೆಗೆದು ನೋಡಿ. ಆಫೀಸಿಗೆ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಾದರೆ ಕಡೆದ ಮಜ್ಜಿಗೆ ಮೇಲಿನ ಬೆಣ್ಣೆಯಂಥ ನೊರೆ ಸಿಗಬಹುದು. ಇಂಜಿನ್ ಪೂರ್ತಿ ಬಿಸಿಯಾಗದೆ ಉಳಿದ ನೀರು ಆಯಿಲ್ ಜೊತೆ ಸೇರಿದ್ದು ಅದು. ಅಂಥ ನೊರೆಯ ಜೊತೆಗೆ ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ನೋಡಿಸಿ.

'ಇಷ್ಟೆಲ್ಲ ಯಾಕೆ ಸಾರ್, ಒಂದು ಪುಟ್ಟ ಫಿಲ್ಟರ್ ಹಾಕಿ ಹೊರಗೆ ಬಿಟ್ಬಿಡೋಣ' ಅನ್ನುವವರಿದ್ದಾರೆ. ಬೇಡ. ನಮ್ಮ ಬಿಎಸ್6 ನಿಯಮದ ಪ್ರಕಾರ ಪೆಟ್ರೋಲ್ ಇಂಜಿನ್ನಿನ ಕ್ರ್ಯಾಂಕ್‌ಕೇಸ್ ಹೊಗೆ ಹೊರಗಾಳಿಗೆ ಸೇರುವಂತಿಲ್ಲ. ಏಸಿ ಗಾಳಿಯ ಜೊತೆ ಆ ವಾಸನೆ ಕಾರೊಳಗೂ ಬರಬಹುದು. ಹಿಂದಿನ ಸೀಟಿನಲ್ಲಿ ಮಗು ಕೂತಿರುತ್ತೆ. ಗಾಳಿ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರಿ ಚೆಕ್ ಇಂಜಿನ್ ಲೈಟ್ ಕೂಡ ಹತ್ತಬಹುದು. ವಾರಂಟಿಯಲ್ಲಿರುವ ಗಾಡಿಯಾದರೆ ಏನನ್ನೂ ಬದಲಿಸದೆ ಸರ್ವಿಸ್ ಸೆಂಟರಿನಲ್ಲೇ ತೋರಿಸಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಇಂಜಿನ್ ಆಫ್ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ತೆಳು ರಬ್ಬರ್ ಗ್ಲೌಸನ್ನು ಬಾಯಿಗೆ ಬಿಗಿಯಾಗಿ ಕಟ್ಟಿ, ಸ್ಟಾರ್ಟ್ ಮಾಡಿ. ಬೆಲ್ಟ್, ಫ್ಯಾನ್‌ಗಳಿಂದ ಕೈ, ದುಪಟ್ಟಾ ದೂರ ಇರಲಿ. ಗ್ಲೌಸ್ ಮೆಲ್ಲಗೆ ಒಳಗೆ ಎಳೆದರೆ ಸರಿ. ಬಲೂನಿನ ಹಾಗೆ ಉಬ್ಬಿದರೆ ದಾರಿ ಕಟ್ಟಿದೆ, ಇಲ್ಲವೇ ರಿಂಗ್ ಸವೆದಿದೆ. ಬಲವಾಗಿ ಒಳಗೆ ಸೆಳೆದು ಎಲ್ಲೋ ಸಿಳ್ಳೆ ಕೇಳಿಸಿದರೆ ಪಿಸಿವಿಯ ರಬ್ಬರ್ ಪೊರೆ ಹರಿದಿರಬಹುದು. ಇದು ಐಡಲ್‌ನ ಸ್ಥಿತಿ ಮಾತ್ರ ಹೇಳುತ್ತೆ. ಬೂಸ್ಟ್‌ನಲ್ಲಿ ಏನಾಗ್ತಿದೆ ಅಂತ ತಿಳಿಯೋಕೆ ಮೆಕ್ಯಾನಿಕ್ ಗೇಜ್ ಹಾಕಿ ಓಡಿಸಿಯೇ ನೋಡಬೇಕು.

ರಿಂಗೇ ಸವೆದಿದ್ದರೆ ಯಾವ ಡಬ್ಬಿಯೂ ಉಳಿಸೋದಿಲ್ಲ. ಲೀಕ್-ಡೌನ್ ಟೆಸ್ಟ್ ಮಾಡಿಸಿದರೆ ಅದು ಗೊತ್ತಾಗುತ್ತೆ. ಆದರೆ ಟರ್ಬೊ ಬದಲಿಸಿ ಅಂತ ಯಾರಾದರೂ ಬಿಲ್ ಅಂದಾಜು ಕೈಗಿಟ್ಟರೆ, ಒಪ್ಪುವ ಮೊದಲು ಒಂದೇ ಪ್ರಶ್ನೆ ಕೇಳಿ: 'ಬ್ರೀದರ್ ಮತ್ತೆ ಒನ್-ವೇ ವಾಲ್ವ್ ಚೆಕ್ ಮಾಡಿದ್ರಾ?' ಉತ್ತರ ಕೊಡೋಕೆ ತಡವರಿಸಿದರೆ ಗಾಡಿ ಕೀ ವಾಪಸ್ ಇಸ್ಕೊಳ್ಳಿ.