ಲೆಕ್ಕದ ಪುಸ್ತಕದಲ್ಲಿ ಆಕೆಯ ಹೆಸರು

ದುಡಿಯುವವರು ಒಟ್ಟುಗೂಡಿ ತಮ್ಮ ದುಡಿಮೆಗೆ ನ್ಯಾಯವಾದ ಬೆಲೆ ಪಡೆಯಲು ಮಾಡಿಕೊಂಡ ಏರ್ಪಾಡೇ ಸಹಕಾರ ಸಂಘ. ಈ ಮಾತನ್ನು ನಮ್ಮ ಸದಸ್ಯ ಬಾಂಧವರಲ್ಲಿ ಯಾರೂ ಅಲ್ಲಗಳೆಯಲಾರರು. ಹಾಗಾದರೆ ನಮ್ಮ ತೋಟಗಳಲ್ಲಿ ದುಡಿಯುವವರು ಯಾರು, ಸಂಘಗಳ ಸದಸ್ಯರ ಪುಸ್ತಕದಲ್ಲಿ ಹೆಸರಿರುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕಾದ ಕಾಲ ಬಂದಿದೆ ಎಂದು ನಮಗೆ ತೋರುತ್ತದೆ.

ಅಡಿಕೆಯ ಕೊನೆ ಇಳಿಸುವವನು ಕೊನೆಗಾರನೇ ಸರಿ. ಆದರೆ ಉದುರಿದ್ದನ್ನು ಹೆಕ್ಕುವುದು, ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕುಳಿತು ಸುಲಿಯುವುದು, ಬೇಯಿಸಿದ್ದನ್ನು ಹರವುವುದು, ಮೋಡ ಕಂಡೊಡನೆ ಓಡಿಹೋಗಿ ಒಳಗೆಳೆಯುವುದು, ಒಣಗಿದ್ದನ್ನು ಆರಿಸಿ ಬೇರ್ಪಡಿಸುವುದು, ಇವೆಲ್ಲ ಬಹುಮಟ್ಟಿಗೆ ಹೆಂಗಸರ ಕೈಯ ಕೆಲಸ. ಕಾಫಿಯಲ್ಲೂ ಹಾಗೆಯೇ. ಹಣ್ಣು ಕುಯ್ಯುವುದು, ಕಾಯಿ ಹಣ್ಣು ಬೇರೆ ಮಾಡುವುದು, ಕಣದಲ್ಲಿ ಕೈಯಾಡಿಸಿ ಒಣಗಿಸುವುದರಲ್ಲಿ ಅವರ ಪಾಲೇ ಹೆಚ್ಚು. ಮನೆವಾರ್ತೆ, ಕೊಟ್ಟಿಗೆ, ಆಳುಗಳ ಊಟ ಇದರ ಮೇಲಿನದು. ಮಾಲು ಮಂಡಿಗೆ ಹೋದ ಮೇಲೆ ಮಾತ್ರ ಪಟ್ಟಿ ಯಜಮಾನರ ಹೆಸರಿನಲ್ಲಿ, ಹಣ ಯಜಮಾನರ ಖಾತೆಗೆ, ಷೇರು ಯಜಮಾನರದು, ಮತವೂ ಅವರದೇ. ಪಹಣಿಯಲ್ಲಿ ಹೆಸರಿಲ್ಲದವಳನ್ನು ರೈತಳೆಂದು ಯಾರೂ ಕರೆಯುವುದಿಲ್ಲ.

ಈ ಸಂದರ್ಭದಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಹುಟ್ಟಿದ ಒಂದು ಸಂಸ್ಥೆಯ ಕಥೆ ನಮ್ಮವರಿಗೆ ಉಪಯುಕ್ತವಾದೀತು. ಸ್ವಯಂ ಉದ್ಯೋಗಿ ಮಹಿಳೆಯರ ಸಂಘ, ಚಿಕ್ಕದಾಗಿ ‘ಸೇವಾ’, 1972ರಲ್ಲಿ ಕಾರ್ಮಿಕ ಸಂಘವಾಗಿ ನೋಂದಣಿಯಾಯಿತು. ಇದನ್ನು ಕಟ್ಟಿದವರು ಶ್ರೀಮತಿ ಇಳಾ ಭಟ್. ಅವರು ಆಗ ಅಲ್ಲಿನ ಜವಳಿ ಗಿರಣಿ ಕಾರ್ಮಿಕರ ಹಳೆಯ ಸಂಘವಾದ ಮಜೂರ್ ಮಹಾಜನದ ಮಹಿಳಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ತಲೆಹೊರೆ ಹೊರುವವರು, ಗಾಡಿ ಎಳೆಯುವವರು, ತರಕಾರಿ ಮಾರುವವರು, ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರು, ಬಟ್ಟೆ ಹೊಲಿಯುವವರು ಇದರ ಸದಸ್ಯರು. ನೋಂದಣಿಗೆ ಹೋದಾಗ ಅಧಿಕಾರಿಗಳು ಎತ್ತಿದ ಆಕ್ಷೇಪಣೆ ವಿಚಿತ್ರವಾಗಿತ್ತು. ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ, ಇದು ಕಾರ್ಮಿಕ ಸಂಘ ಹೇಗಾದೀತು ಎಂಬುದೇ ಅದು. ಸಂಘವೆಂಬುದು ಯಾರದೋ ವಿರುದ್ಧ ಇರಬೇಕಾಗಿಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಇದ್ದರೆ ಸಾಕು ಎಂದು ವಾದಿಸಿ ಅವರು ಗೆದ್ದರು.

ಅದಕ್ಕೂ ಮೊದಲಿನ ಒಂದು ಪ್ರಸಂಗವಂತೂ ವ್ಯಾಪಾರ ಬಲ್ಲವರೆಲ್ಲ ಮೆಚ್ಚತಕ್ಕದ್ದು. ಬಟ್ಟೆ ಅಂಗಡಿಗಳಿಗೆ ಹೊರೆ ಹೊರುವ ಹೆಂಗಸರಿಗೆ ಸರಿಯಾದ ಕೂಲಿ ಸಿಗುತ್ತಿಲ್ಲವೆಂದು ಇಳಾ ಭಟ್ಟರು ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು ಸಿಟ್ಟಾಗಿ, ತಾವು ನ್ಯಾಯವಾಗಿಯೇ ಕೊಡುತ್ತಿದ್ದೇವೆಂದು ಉತ್ತರ ಬರೆಸಿದರು. ಆ ಉತ್ತರವನ್ನೇ ಚೀಟಿಗಳಲ್ಲಿ ಅಚ್ಚು ಹಾಕಿಸಿ ಹೊರೆಯಾಳುಗಳ ಕೈಗೆ ಕೊಡಲಾಯಿತು. ಕೂಲಿ ಕೇಳುವಾಗ ವ್ಯಾಪಾರಿಯ ಮಾತನ್ನೇ ವ್ಯಾಪಾರಿಗೆ ತೋರಿಸಿದರಾಯಿತು! ಗಲಾಟೆಯಿಲ್ಲದೆ ಕೆಲಸ ನಡೆಯಿತು.

ಎರಡು ವರ್ಷಗಳ ಮೇಲೆ, 1974ರಲ್ಲಿ, ಇದೇ ಮಹಿಳೆಯರು ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ಸುಮಾರು 4,000 ಮಂದಿ ತಲಾ 10 ರೂಪಾಯಿ ಷೇರು ಹಾಕಿದರು. ಓದುಬರಹ ಬಾರದವರು ಬ್ಯಾಂಕು ನಡೆಸುವುದುಂಟೆ ಎಂಬ ಆಕ್ಷೇಪಣೆ ಬಂದಾಗ ಪ್ರವರ್ತಕ ಮಹಿಳೆಯರು ರಾತ್ರಿಯೆಲ್ಲ ಕುಳಿತು ತಮ್ಮ ಹೆಸರು ಬರೆಯಲು ಕಲಿತರು. ಸಹಿ ಬಾರದ ಖಾತೆದಾರರ ಗುರುತಿಗೆ ಪಾಸ್‌ಬುಕ್ಕಿನಲ್ಲಿ ಭಾವಚಿತ್ರ ಅಂಟಿಸುವ ಪದ್ಧತಿ ಬಂತು. ಬಡ್ಡಿ ಸಾಹುಕಾರನ ಬಾಗಿಲಲ್ಲಿ ನಿಲ್ಲುತ್ತಿದ್ದವರು ತಮ್ಮದೇ ಬ್ಯಾಂಕಿನ ಷೇರುದಾರರಾದರು. 1981ರಲ್ಲಿ ಮಜೂರ್ ಮಹಾಜನದಿಂದ ಹೊರಬರಬೇಕಾಗಿ ಬಂದಾಗಲೂ ಸೇವಾ ಕುಸಿಯಲಿಲ್ಲ. ಶಿಶುಪಾಲನೆ, ಆರೋಗ್ಯ, ವಿಮೆಗಳಿಗೂ ಅದರ ಕೆಲಸ ಹಬ್ಬಿತು. ಇಳಾ ಭಟ್ಟರಿಗೆ 1977ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು 2022ರ ನವೆಂಬರಿನಲ್ಲಿ ತೀರಿಕೊಂಡರು. ಅವರು ಕಟ್ಟಿದ ಸಂಘದ ಸದಸ್ಯತ್ವ ಹಲವು ರಾಜ್ಯಗಳಿಗೆ ಹರಡಿ 20 ಲಕ್ಷವನ್ನು ದಾಟಿದೆ.

ಅದು ನಗರದ ಕೂಲಿ ಹೆಂಗಸರ ಮಾತಾಯಿತು, ತೋಟ ತುಡಿಕೆ ಇರುವ ನಮಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಸೇವಾ ಮೊದಲು ಮಾಡಿದ ಕೆಲಸ ಹಣ ಹಂಚಿದ್ದಲ್ಲ. ದುಡಿಮೆಯೆಂದೇ ಯಾರೂ ಎಣಿಸದಿದ್ದ ದುಡಿಮೆಗೆ ಹೆಸರು ಕೊಟ್ಟು, ಪುಸ್ತಕಕ್ಕೆ ಏರಿಸಿದ್ದು. ಎರಡು ಮೂರು ಎಕರೆಯ ನಮ್ಮಂಥವರ ಮನೆಗಳಲ್ಲಿ ಆಗಬೇಕಾಗಿರುವುದೂ ಅದೇ. ಪುಸ್ತಕದಲ್ಲಿ ಹೆಸರಿಲ್ಲದಿರುವುದರ ಕಷ್ಟ ಎಲ್ಲ ಸರಿಯಾಗಿರುವಾಗ ಗೊತ್ತಾಗುವುದಿಲ್ಲ. ಯಜಮಾನರು ಹಠಾತ್ತನೆ ಕಣ್ಣು ಮುಚ್ಚಿದಾಗ ಗೊತ್ತಾಗುತ್ತದೆ. ಮೂವತ್ತು ವರ್ಷ ತೋಟ ನೋಡಿಕೊಂಡವಳು ಖಾತೆ ಬದಲಾವಣೆಗೆ, ಸಾಲದ ನವೀಕರಣಕ್ಕೆ, ವಿಮೆಯ ಹಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುವಾಗ ಸಾಲ ಎಷ್ಟಿದೆ, ಠೇವಣಿ ಎಲ್ಲಿದೆ ಎಂಬುದೂ ಆಕೆಗೆ ತಿಳಿದಿರುವುದಿಲ್ಲ. ಅಷ್ಟರಲ್ಲಿ ಕೊಳೆಗೆ ಔಷಧಿ ಹೊಡೆಯುವ ಹೊತ್ತು ಮೀರಿರುತ್ತದೆ.

ಕಾಯಿದೆಯು ನಮ್ಮ ರೂಢಿಗಿಂತ ಬಹಳ ಮುಂದೆ ಹೋಗಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಒಳಪಟ್ಟ ಕುಟುಂಬಗಳಲ್ಲಿ ಗಂಡನ ಸ್ವತ್ತಿಗೆ ಹೆಂಡತಿ ಮೊದಲನೆಯ ವರ್ಗದ ವಾರಸುದಾರಳೆಂದು 1956ರಿಂದಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ನಮ್ಮ ರಾಜ್ಯ 1994ರಲ್ಲಿ ಮಾಡಿತು. ಕೇಂದ್ರ ಸರ್ಕಾರ 2005ರಲ್ಲಿ ಮಾಡಿತು. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕನ್ನು ಇನ್ನೂ ಸ್ಪಷ್ಟಪಡಿಸಿತು. ಇಷ್ಟಾದರೂ ನಮ್ಮ ಮನೆಗಳಲ್ಲಿ ಈ ಮಾತು ಬರುವುದು ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿಯ ಸಹಿ ಬೇಕಾದಾಗ ಮಾತ್ರ! ತೋಟ ಚೂರಾಗುತ್ತದೆಂಬ ಭಯ ಸುಳ್ಳಲ್ಲ. ಚಿಕ್ಕ ಹಿಡುವಳಿ ಇನ್ನೂ ಚಿಕ್ಕದಾದರೆ ಯಾರಿಗೂ ಲಾಭವಿಲ್ಲ. ಆದರೆ ನಾಲ್ಕು ಮಂದಿ ಗಂಡುಮಕ್ಕಳು ಪಾಲಾದಾಗಲೂ ತೋಟ ಚೂರಾಗುತ್ತದೆ. ಅದಕ್ಕೆ ಹೆದರಿ ಗಂಡುಮಕ್ಕಳ ಪಾಲನ್ನು ಯಾರೂ ನಿಲ್ಲಿಸಿಲ್ಲ. ಜಂಟಿ ಖಾತೆ, ಒಟ್ಟಿನ ಸಾಗುವಳಿ, ನ್ಯಾಯವಾದ ಬೆಲೆ ಕಟ್ಟಿ ಪಾಲು ಕೊಳ್ಳುವುದು ಮುಂತಾದ ದಾರಿಗಳು ಹೆಣ್ಣುಮಕ್ಕಳ ವಿಷಯದಲ್ಲೂ ಇವೆ.

ನಮ್ಮ ತೋಟಗಳಿಗೆ ಕೂಲಿಗೆ ಬರುವ ಹೆಂಗಸರನ್ನು ಬಿಟ್ಟು ಈ ಮಾತು ಮುಗಿಸುವುದು ಪ್ರಾಮಾಣಿಕವಾಗದು. ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು ಎಂಬ ದರ ಇನ್ನೂ ಅನೇಕ ಕಡೆ ನಡೆದಿದೆ. ಮರ ಹತ್ತುವವನಿಗೆ, ಔಷಧಿ ಹೊಡೆಯುವವನಿಗೆ ಹೆಚ್ಚು ಕೊಡುವುದು ನ್ಯಾಯವೇ. ಅಲ್ಲಿ ಕಸುಬೂ ಇದೆ, ಅಪಾಯವೂ ಇದೆ. ಆದರೆ ಒಂದೇ ಸಾಲಿನಲ್ಲಿ ನಿಂತು ಒಂದೇ ಕಳೆ ತೆಗೆಯುವ ಇಬ್ಬರಿಗೆ ಎರಡು ದರ ಏಕೆ? ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು 1976ರ ಕಾಯಿದೆಯೇ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ತತ್ತ್ವವಿದೆ. ಮಂಡಿಯಲ್ಲಿ ನಮ್ಮ ಮಾಲಿಗೆ ಎರಡು ತೂಕವಾದರೆ ನಾವು ಸುಮ್ಮನಿರುತ್ತೇವೆಯೇ? ಖರ್ಚು ಹೆಚ್ಚಾಗುವುದು ನಿಜ. ಆದರೆ ಕುಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲವೆಂದು ಗೊಣಗುವ ನಾವು, ಬರುವವರು ಏಕೆ ಬರಬೇಕೆಂದೂ ಯೋಚಿಸುವುದೊಳ್ಳೆಯದು.

ಹಾಗಾದರೆ ಸಂಘಗಳು ಮಾಡಬಹುದಾದುದೇನು? ನಮ್ಮ ಸೂಚನೆಗಳು ಇಷ್ಟೇ. ಮೊದಲನೆಯದಾಗಿ, ಪ್ರತಿಯೊಬ್ಬ ಸದಸ್ಯರ ಮನೆಯಿಂದ ತೋಟದ ಕೆಲಸ ನೋಡಿಕೊಳ್ಳುವ ಒಬ್ಬ ಮಹಿಳೆಯನ್ನು ಷೇರು ಹಾಕಿಸಿ ಸದಸ್ಯರನ್ನಾಗಿ ಮಾಡಿಕೊಳ್ಳುವುದು. ಉಪನಿಯಮ ಅಡ್ಡ ಬಂದರೆ ತಿದ್ದುಪಡಿಯನ್ನು ಮಹಾಸಭೆಯ ಮುಂದಿಡುವುದು. ಎರಡನೆಯದಾಗಿ, ನಾಮಿನಿಯ ಹೆಸರು ಬರೆಯದ ಖಾತೆಗಳನ್ನು ಈ ವರ್ಷವೇ ಸರಿಪಡಿಸುವುದು. ಆದರೆ ನಾಮಿನಿಯಾದ ಮಾತ್ರಕ್ಕೆ ಆಕೆ ಸದಸ್ಯಳಾಗುವುದಿಲ್ಲ ಎಂಬುದನ್ನು ಮರೆಯದಿರುವುದು. ಮೂರನೆಯದಾಗಿ, ಸಾಲ, ಠೇವಣಿ, ವಿಮೆ, ಪಹಣಿಗಳ ವಿಚಾರವನ್ನು ತಿಳಿಸಲು ಮಹಿಳೆಯರಿಗಾಗಿಯೇ ವರ್ಷಕ್ಕೆರಡು ಸಭೆ, ಅದೂ ಹಾಲು ಕರೆಯುವ ಹೊತ್ತಿನಲ್ಲಲ್ಲ, ಸುಲಿತ ಕುಯ್ಲಿನ ತಿಂಗಳುಗಳಲ್ಲೂ ಅಲ್ಲ. ನಾಲ್ಕನೆಯದಾಗಿ, ನಮ್ಮ ರಾಜ್ಯದ ಕಾಯಿದೆ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲಿಟ್ಟ ಸ್ಥಾನಗಳಲ್ಲಿ ಆರಿಸಿಬಂದವರೇ ಬಂದು ಕೂರುವಂತೆ ನೋಡಿಕೊಳ್ಳುವುದು. ನಡಾವಳಿ ಪುಸ್ತಕ ಮನೆಗೆ ಹೋಗಿ ಸಹಿಯಾಗಿ ಬರುವುದು ನಿಲ್ಲಬೇಕು.

ಒಂದು ಮನೆಗೆ ಎರಡು ಮತ ಬಂದು ಸಂಘದಲ್ಲಿ ರಾಜಕೀಯ ಹೆಚ್ಚುತ್ತದೆ ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದು ಬೇರೆ ಬೇರೆ ಸದಸ್ಯರಾಗಿರುವುದು ಎಷ್ಟು ಮನೆಗಳಲ್ಲಿಲ್ಲ? ಅದರಿಂದ ಸಂಘ ಕೆಟ್ಟಿಲ್ಲ. ಹೆಂಗಸರು ಗಂಡಂದಿರು ಹೇಳಿದಂತೆಯೇ ಮತ ಹಾಕುತ್ತಾರೆಂದು ಹೇಳುವವರೇ, ಮರುಗಳಿಗೆಯಲ್ಲಿ ಅವರು ಸೇರಿದರೆ ಮನೆಯಲ್ಲಿ ಜಗಳವಾಗುತ್ತದೆಂದೂ ಹೇಳುತ್ತಾರೆ. ಎರಡೂ ಒಟ್ಟಿಗೆ ನಿಜವಾಗಲಾರದು.

ಹತ್ತು ರೂಪಾಯಿಯ ಷೇರು ಹಾಕಿ, ರಾತ್ರಿ ಕುಳಿತು ಸಹಿ ಕಲಿತವರು ಬ್ಯಾಂಕು ನಡೆಸಿ ತೋರಿಸಿದ್ದಾರೆ. ನಮ್ಮ ಮನೆಯ ಹೆಣ್ಣುಮಕ್ಕಳು ಓದುಬರಹ ಬಲ್ಲವರು. ಅನೇಕರು ತೋಟದ ಲೆಕ್ಕವನ್ನು ಈಗಾಗಲೇ ಬರೆಯುತ್ತಿರುವವರು. ಬರುವ ಮಹಾಸಭೆಗೆ ಮುಂಚೆ ಸದಸ್ಯತ್ವದ ಅರ್ಜಿಯನ್ನು ತಂದು ಮನೆಯಲ್ಲಿ ಮಾತನಾಡಿ ತುಂಬಿಸಬೇಕೆಂದು ಬೆಳೆಗಾರ ಬಾಂಧವರಲ್ಲಿ ನಮ್ಮ ಬಿನ್ನಹ.